ಮನೆಯಲ್ಲೇ ಮಾಡಿಕೊಳ್ಳಬಹುದಲ್ಲ?

ಮೈಸೂರಿನವನೊಬ್ಬ ಯೋಗ ಮಾಡುತ್ತಾನೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಹದಿಮೂರು ವರ್ಷಗಳಿಂದ ಅಷ್ಟಾಂಗ ಯೋಗದ, ಅಂದರೆ ಗೊತ್ತಾದ ಕ್ರಮದ ಆಸನಗಳನ್ನು ಉಸಿರಿಗೆ ಹೊಂದಿಸಿ ಮಾಡುವ ಪದ್ಧತಿಯ, ಒಂದೇ ಸರಣಿಯನ್ನು ಮಾಡುತ್ತಿರುವವನು, ಅದರ ಆಸನಗಳನ್ನು ನಿದ್ದೆಗಣ್ಣಿನಲ್ಲೂ ಕ್ರಮ ತಪ್ಪದೆ ಹೇಳಬಲ್ಲವನು, ಇಂದಿಗೂ ಪ್ರತಿ ಶುಕ್ರವಾರ ನಾಲ್ಕೂವರೆಗೆ ಎದ್ದು, ಸ್ಕೂಟರ್ ಹೊರಡಿಸಿ, ಇಪ್ಪತ್ತು ಮಂದಿಯ ನಡುವೆ ಚಾಪೆ ಹಾಸಿ, ಗುರುಗಳು ಎಣಿಸಿದಂತೆ ಮೈ ಬಗ್ಗಿಸಿ ಬರುತ್ತಾನೆಂದರೆ ನೆಂಟರಿಗೂ ನೆರೆಹೊರೆಯವರಿಗೂ ಅದು ವಿಚಿತ್ರವಾಗಿ ಕಾಣುತ್ತದೆ. ‘ಎಲ್ಲ ಗೊತ್ತಿದ್ದ ಮೇಲೆ ಮನೆಯಲ್ಲೇ ಮಾಡಿಕೊಳ್ಳಬಹುದಲ್ಲ? ದುಡ್ಡು ಕೊಟ್ಟು ಇನ್ನೊಬ್ಬರ ಎಣಿಕೆಗೆ ಕುಣಿಯುವುದೇಕೆ?’ ಎಂದು ಎಲ್ಲರೂ ಕೇಳುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ವಿವರ. ಅಷ್ಟಾಂಗ ಶಾಲೆಗಳಲ್ಲಿ ಎರಡು ಬಗೆಯ ತರಗತಿಗಳಿರುತ್ತವೆ. ವಾರದ ಬಹುಪಾಲು ದಿನ ನಡೆಯುವುದು ಪ್ರಪಂಚದಾದ್ಯಂತ ‘ಮೈಸೂರು ಸ್ಟೈಲ್’ ಎಂದೇ ಹೆಸರಾಗಿರುವ ಪದ್ಧತಿ. ಅದರಲ್ಲಿ ಪ್ರತಿಯೊಬ್ಬರೂ ತಮಗೆ ಹೇಳಿಕೊಟ್ಟಿರುವಷ್ಟು ಆಸನಗಳನ್ನು ತಮ್ಮದೇ ಉಸಿರಿನ ವೇಗದಲ್ಲಿ ಮಾಡುತ್ತಾರೆ; ಗುರುಗಳು ನಡುವೆ ಓಡಾಡುತ್ತ ಅಗತ್ಯವಿದ್ದವರನ್ನಷ್ಟೇ ತಿದ್ದುತ್ತಾರೆ. ವಾರಕ್ಕೊಂದೆರಡು ದಿನ ಮಾತ್ರ ‘ಲೆಡ್ ಕ್ಲಾಸ್’, ಅಂದರೆ ಗುರುಗಳು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಎಣಿಸುತ್ತ ಎಲ್ಲರನ್ನೂ ಒಟ್ಟಿಗೆ ನಡೆಸುವ ತರಗತಿ. ನಮ್ಮಲ್ಲಿ ಅದು ಶುಕ್ರವಾರ. ಜನ ಕೇಳುವುದು ಈ ಶುಕ್ರವಾರದ ಬಗ್ಗೆಯೇ.

ನನ್ನ ನೇರವಾದ ಉತ್ತರವೇನೆಂದರೆ, ಮನೆಯಲ್ಲಿ ಒಬ್ಬನೇ ಮಾಡುವಾಗ ನಾನು ಕಳ್ಳಾಟ ಆಡುತ್ತೇನೆ, ಮತ್ತು ಆಡುತ್ತಿದ್ದೇನೆಂಬುದು ನನಗೇ ತಿಳಿಯುವುದಿಲ್ಲ. ಈ ಪದ್ಧತಿಯಲ್ಲಿ ಬಹುತೇಕ ಪ್ರತಿ ಆಸನದಲ್ಲೂ ಐದು ಉಸಿರಿನಷ್ಟು ಹೊತ್ತು ನಿಲ್ಲಬೇಕು. ಉಸಿರಿಗೆ ಗಡಿಯಾರವಿಲ್ಲ, ಅದನ್ನು ಎಳೆಯಬಹುದು, ಮೊಟಕುಗೊಳಿಸಲೂಬಹುದು. ಒಂದು ಭಾನುವಾರ ನನ್ನ ಮಗಳು ನನಗೆ ಹೇಳದೆ ಮೊಬೈಲಿನಲ್ಲಿ ಸಮಯ ಅಳೆದಿದ್ದಳು. ನನಗೆ ಹಿತವಾದ ಪಶ್ಚಿಮೋತ್ತಾನಾಸನದಲ್ಲಿ ಐದು ಉಸಿರಿಗೆ ನಲವತ್ತೆರಡು ಸೆಕೆಂಡು. ಹೊಟ್ಟೆಯ ಸ್ನಾಯುಗಳು ಉರಿಯುವ ನಾವಾಸನದಲ್ಲಿ ಅದೇ ಐದು ಉಸಿರಿಗೆ ಹದಿನಾಲ್ಕು ಸೆಕೆಂಡು. ನಾವಾಸನವನ್ನು ಐದು ಸಲ ಮಾಡಬೇಕು. ನಾನು ನಾಲ್ಕು ಸಲ ಮಾಡಿ ಐದಾಯಿತೆಂದು ಮುಂದಕ್ಕೆ ಹೋಗಿದ್ದೆನಂತೆ. ಎರಡೂ ಆಸನಗಳಲ್ಲಿ ಸರಿಯಾಗಿ ಐದು ಉಸಿರು ಎಣಿಸಿದ್ದೇನೆಂದು ನಾನು ಆಣೆ ಮಾಡಿ ಹೇಳುತ್ತಿದ್ದೆ.

ಶುಕ್ರವಾರ ಈ ಎಣಿಕೆ ನನ್ನ ಕೈಯಲ್ಲಿರುವುದಿಲ್ಲ. ನನ್ನ ಮಟ್ಟಿಗೆ ಆ ತರಗತಿಯ ಸಾರವೆಲ್ಲ ಇಷ್ಟರಲ್ಲೇ ಇದೆ. ಹಿತವಾದ ಆಸನಕ್ಕೂ ಬೇಡವಾದ ಆಸನಕ್ಕೂ ಗುರುಗಳ ಬಾಯಲ್ಲಿ ಒಂದೇ ಅಳತೆ. ಹಿಂದೆ ಆಕಾಶವಾಣಿಯ ವಾರ್ತೆಯ ಹೊತ್ತಿಗೆ ಮನೆಯ ಗಡಿಯಾರವನ್ನು ಸರಿಮಾಡಿಕೊಳ್ಳುತ್ತಿದ್ದೆವಲ್ಲ, ಹಾಗೆ ವಾರಕ್ಕೊಮ್ಮೆ ನನ್ನ ಉಸಿರಿನ ಮುಳ್ಳನ್ನು ಅಲ್ಲಿ ಸರಿಮಾಡಿಕೊಂಡು ಬರುತ್ತೇನೆ. ಸೋಮವಾರದ ಹೊತ್ತಿಗೆ ಅದು ಮತ್ತೆ ಓಡಲು ತೊಡಗುತ್ತದೆ ಎಂಬುದು ಬೇರೆ ಮಾತು.

ಆ ಎಣಿಕೆ ಹೇಗಿರುತ್ತದೆಂಬುದನ್ನು ಕೇಳದವರಿಗೆ ತಿಳಿಸುವುದು ಕಷ್ಟ. ಎಲ್ಲರೂ ಸಮಸ್ಥಿತಿಯಲ್ಲಿ ನಿಂತು ‘ವಂದೇ ಗುರೂಣಾಂ ಚರಣಾರವಿಂದೇ’ ಎಂಬ ಶ್ಲೋಕವನ್ನು ಹೇಳಿದ ಮೇಲೆ ‘ಏಕಂ, ಇನ್‌ಹೇಲ್’ ಎಂಬ ಮೊದಲ ಸೊಲ್ಲು ಬೀಳುತ್ತದೆ. ಸಂಖ್ಯೆ ಸಂಸ್ಕೃತದ್ದು, ಉಸಿರಿನ ಸೂಚನೆ ಇಂಗ್ಲಿಷಿನದು, ಬೈಗುಳವೇನಾದರೂ ಇದ್ದರೆ ಅದು ಅಚ್ಚಗನ್ನಡದ್ದು. ಏಕಂ, ದ್ವೇ, ತ್ರೀಣಿ, ಚತ್ವಾರಿ ಎಂದು ನಪುಂಸಕಲಿಂಗದ ರೂಪಗಳಲ್ಲಿ ಸಾಗುವ ಈ ಲೆಕ್ಕ ಶಾಲೆಯಲ್ಲಿ ಸಂಸ್ಕೃತ ಓದಿದವರಿಗೆ ಥಟ್ಟನೆ ಗುರುತು ಸಿಗುತ್ತದೆ. ಸೂರ್ಯನಮಸ್ಕಾರದ ಮೊದಲ ಬಗೆಗೆ ಒಂಬತ್ತು ವಿನ್ಯಾಸಗಳು, ಎರಡನೆಯದಕ್ಕೆ ಹದಿನೇಳು. ವಿನ್ಯಾಸವೆಂದರೆ ಒಂದು ಉಸಿರಿಗೆ ಹೊಂದಿಸಿದ ಒಂದು ಚಲನೆ. ಪ್ರತಿ ಆಸನಕ್ಕೂ ಹೀಗೆ ಗೊತ್ತುಪಡಿಸಿದ ವಿನ್ಯಾಸಗಳ ಲೆಕ್ಕವಿದೆ. ಜಾನುಶೀರ್ಷಾಸನವನ್ನೇ ನೋಡಿ: ‘ಸಪ್ತ’ ಎಂದಾಗ ಕೈಗಳ ನಡುವೆ ಕಾಲುಗಳನ್ನು ಮುಂದಕ್ಕೆ ತಂದು ಕುಳಿತು, ಬಲಗಾಲನ್ನು ಮಡಿಸಿ ಎಡಪಾದವನ್ನು ಹಿಡಿಯಬೇಕು, ‘ಅಷ್ಟೌ’ ಎಂದಾಗ ಉಸಿರು ಬಿಡುತ್ತ ಮುಂದಕ್ಕೆ ಬಾಗಿ ಐದು ಉಸಿರು ನಿಲ್ಲಬೇಕು, ‘ನವ’ಕ್ಕೆ ತಲೆ ಮೇಲೆ, ‘ದಶ’ಕ್ಕೆ ಕೈಯೂರಿ ಮೈಯನ್ನು ಎತ್ತಬೇಕು, ಆಮೇಲೆ ಹಿಂದಕ್ಕೆ ನೆಗೆದು ಮತ್ತೆ ಮುಂದೆ ಬಂದು ‘ಪಂಚದಶ’ದಲ್ಲಿ ಇನ್ನೊಂದು ಬದಿ. ಇಪ್ಪತ್ತು ಜನ ‘ದಶ’ಕ್ಕೆ ಒಟ್ಟಿಗೆ ಎದ್ದಾಗ, ನನ್ನ ಮೊಣಕಾಲು ಇನ್ನೂ ನೆಲದ ಮೇಲಿದ್ದರೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಕೋಣೆಯ ಗಾಳಿಯೇ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟಿರುತ್ತದೆ.

ಹಾಗೆ ಹಿಂದೆ ಬಿದ್ದಾಗ ಏನು ಮಾಡಬೇಕೆಂಬುದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಮೊದಮೊದಲು ತಪ್ಪಿಸಿಕೊಂಡದ್ದನ್ನೆಲ್ಲ ತುಂಬಿಕೊಳ್ಳಲು ಧಾವಿಸುತ್ತಿದ್ದೆ; ಅದರಿಂದ ಮುಂದಿನ ಆಸನವೂ ಕೆಡುತ್ತಿತ್ತು. ‘ಬಿಟ್ಟದ್ದು ಬಿಟ್ಟಾಯ್ತು, ಈಗಿನ ನಂಬರಿಗೆ ಬನ್ನಿ’ ಎಂದು ಗುರುಗಳು ಒಮ್ಮೆ ಗದರಿದರು. ಕಂತು ತಪ್ಪಿದ ಸಾಲಗಾರನಂತೆ ವರ್ತಿಸಬಾರದೆಂಬುದು, ಇಡೀ ವೃತ್ತಿಜೀವನವನ್ನು ಬ್ಯಾಂಕಿನಲ್ಲಿ ಕಳೆದ ನನಗೆ ಒಗ್ಗದ ಮಾತಾಗಿತ್ತು.

ಇದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ, ‘ಅದು ಗೋಕುಲಂನ ಫಾರಿನರ್‌ಗಳ ಯೋಗ ಅಲ್ಲವೇ?’ ಎಂಬುದು. ನಮ್ಮೂರಿನ ಗೋಕುಲಂ ಬಡಾವಣೆಗೆ ಈ ಪದ್ಧತಿಯ ಮೂಲ ಶಾಲೆ ಬಂದದ್ದೇ 2002ರಲ್ಲಿ. ಅದಕ್ಕೂ ಮೊದಲು ದಶಕಗಳ ಕಾಲ ಅದು ಲಕ್ಷ್ಮೀಪುರಂನ ಒಂದು ಮನೆಯಲ್ಲಿ ನಡೆಯುತ್ತಿತ್ತು. ಅದನ್ನು ನಡೆಸಿದ ಕೆ. ಪಟ್ಟಾಭಿ ಜೋಯಿಸರು 1915ರಲ್ಲಿ ಹಾಸನದ ಬಳಿಯ ಕೌಶಿಕದಲ್ಲಿ ಹುಟ್ಟಿದವರು, ನಮ್ಮ ಸಂಸ್ಕೃತ ಪಾಠಶಾಲೆಯಲ್ಲಿ ಓದಿ ಅಲ್ಲಿಯೇ ಕಲಿಸಿದವರು. 1962ರಲ್ಲಿ ಅವರು ಪ್ರಕಟಿಸಿದ ‘ಯೋಗಮಾಲಾ’ ಕನ್ನಡದ ಪುಸ್ತಕ, ಇಂಗ್ಲಿಷಿಗೆ ಹೋದದ್ದು 1999ರಲ್ಲಿ. ಅವರ ಗುರು ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದವರು. ಅವರ ‘ಯೋಗಮಕರಂದ’ವೂ ಮೊದಲು ಬಂದದ್ದು ಕನ್ನಡದಲ್ಲಿಯೇ. ನೆಗೆಯುವುದು, ಕೈಯ ಮೇಲೆ ಎದ್ದು ನಿಲ್ಲುವುದು ಮುಂತಾದವುಗಳಲ್ಲಿ ಅಂದಿನ ಅರಮನೆಯ ವ್ಯಾಯಾಮ ಪದ್ಧತಿಯ ಛಾಯೆಯಿದೆ ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಹುಡುಗರ ದೊಡ್ಡ ಗುಂಪಿಗೆ ಕಲಿಸುವಾಗ ಎಣಿಕೆ ಎಷ್ಟು ಅನುಕೂಲವೆಂಬುದನ್ನು ನೆನೆದರೆ ನನಗಂತೂ ಆ ವಾದ ಅಸಂಭವವೆನಿಸುವುದಿಲ್ಲ.

ಗುರುಗಳ ಅಧೀನಕ್ಕೆ ಒಪ್ಪಿಸಿಕೊಳ್ಳುವುದರಲ್ಲಿ ಅಪಾಯವಿಲ್ಲವೇ ಎಂದು ಕೇಳುವವರು ಕಡಿಮೆ, ಆದರೆ ಅವರ ಪ್ರಶ್ನೆ ಹೆಚ್ಚು ತೂಕದ್ದು. ಅಪಾಯವಿದೆ. ಹಲವು ವರ್ಷಗಳ ಹಿಂದೆ ಬೇರೊಂದು ಊರಿನ ತರಗತಿಯಲ್ಲಿ, ನಾನು ಅಂಗಾಲುಗಳನ್ನು ಜೋಡಿಸಿ ಕೂರುವ ಬದ್ಧಕೋಣಾಸನದಲ್ಲಿ ಬಾಗಿದ್ದಾಗ ಶಿಕ್ಷಕರು ಕೇಳದೆಯೇ ನನ್ನ ಬೆನ್ನಿನ ಮೇಲೆ ಭಾರ ಹಾಕಿದರು. ತೊಡೆಯ ಒಳಬದಿಯಲ್ಲಿ ಬಟ್ಟೆ ಹರಿದಂಥ ಸದ್ದು ಕೇಳಿಸಿತು, ಆಮೇಲೆ ಮೂರು ತಿಂಗಳು ಸ್ಕೂಟರ್ ಹತ್ತಲಾಗಲಿಲ್ಲ. ಇದು ಸ್ನಾಯುವಿನ ಮಾತಾಯಿತು. ಸರಿಪಡಿಸುವ ನೆಪದಲ್ಲಿ ಜೋಯಿಸರು ತಮ್ಮನ್ನು ಅನುಚಿತವಾಗಿ ಮುಟ್ಟಿದರೆಂದು ಅವರ ಹಲವು ಶಿಷ್ಯೆಯರು ಅವರ ಮರಣಾನಂತರ ಬಹಿರಂಗವಾಗಿ ಹೇಳಿದ್ದಾರೆ. ಮೊಮ್ಮಗ ಶರತ್ ಜೋಯಿಸ್ 2019ರಲ್ಲಿ ಆ ನೋವಿಗೆ ಕ್ಷಮೆ ಕೋರಿದರು. ಪರಂಪರೆಯ ಮೇಲಿನ ಗೌರವದಿಂದ ಈ ವಿಷಯವನ್ನು ಮುಚ್ಚಿಡುವವರ ಜೊತೆ ನಾನಿಲ್ಲ. ನಾನು ಒಪ್ಪಿಸಿರುವುದು ಎಣಿಕೆಯನ್ನು, ಮೈಯನ್ನಲ್ಲ. ನಮ್ಮ ಈಗಿನ ಗುರುಗಳು ಶುಕ್ರವಾರ ಯಾರನ್ನೂ ಮುಟ್ಟುವುದೇ ಇಲ್ಲ. ಉಳಿದ ದಿನ ‘ಹಿಡಿಯಲಾ?’ ಎಂದು ಕೇಳಿಯೇ ಹತ್ತಿರ ಬರುತ್ತಾರೆ.

ಹಾಗಾದರೆ ಹೊಸಬರು ನೇರವಾಗಿ ಈ ತರಗತಿಗೇ ಬರಬಹುದೇ? ಬೇಡವೆನ್ನುತ್ತೇನೆ. ಆಸನಗಳು ಮೈಗೆ ಕೂರುವ ಮೊದಲು ಎಣಿಕೆಯ ಹಿಂದೆ ಓಡುವವರು ಅಕ್ಕಪಕ್ಕದವರನ್ನು ನೋಡಿ ಅನುಕರಿಸುತ್ತಾರೆ, ಮೊಣಕಾಲನ್ನು ತಿರುಚಿಕೊಂಡು ಹೋಗುತ್ತಾರೆ. ಕೆಲವು ತಿಂಗಳು ಮೈಸೂರು ಸ್ಟೈಲಿನಲ್ಲಿ ಒಂದೊಂದಾಗಿ ಕಲಿತು, ಕನಿಷ್ಠ ನಿಂತು ಮಾಡುವ ಆಸನಗಳಷ್ಟನ್ನಾದರೂ ನೋಡದೆ ಮಾಡುವಂತಾದ ಮೇಲೆ ಬರುವುದು ಒಳ್ಳೆಯದು. ಹೊಟ್ಟೆ ಖಾಲಿ ಇರಬೇಕು. ಹುಣ್ಣಿಮೆ, ಅಮಾವಾಸ್ಯೆಗೆ ಬಾಗಿಲು ಹಾಕಿರುತ್ತದೆ, ಕ್ಯಾಲೆಂಡರ್ ನೋಡಿಕೊಂಡು ಹೊರಡಿ. ನಾನು ನೋಡದೆ ಹೋಗಿ, ಬೀಗ ಹಾಕಿದ ಗೇಟಿನ ಮುಂದೆ ಕತ್ತಲಲ್ಲಿ ನಿಂತದ್ದುಂಟು.

ಇಷ್ಟು ಹೇಳಿದರೂ ನಂಬದ ನನ್ನ ಭಾವನವರಿಗೆ ಕೊನೆಯ ಹತ್ತು ಎಣಿಕೆಯನ್ನಾದರೂ ಕೇಳಿಸಬೇಕೆಂದಿದ್ದೇನೆ. ಒಂದೂವರೆ ಗಂಟೆಯ ಹತ್ತಿರವಾಗುತ್ತಿರುವಾಗ, ಪದ್ಮಾಸನದಲ್ಲಿ ಕುಳಿತವರು ಎರಡೂ ಅಂಗೈಗಳನ್ನು ನೆಲಕ್ಕೂರಿ, ಕಟ್ಟಿದ ಕಾಲುಗಳ ಸಮೇತ ಮೈಯನ್ನು ಗಾಳಿಗೆ ಎತ್ತಬೇಕು. ಅದು ಉತ್ಪ್ಲುತಿ. ಅಲ್ಲಿ ಹತ್ತು ಉಸಿರು. ಗುರುಗಳು ಆವರೆಗೆ ತಾಳ ಹಿಡಿಯುವ ಮೆಟ್ರೊನೋಮ್ ಯಂತ್ರದಂತೆ ಎಣಿಸಿದವರು ಇಲ್ಲಿ ಇದ್ದಕ್ಕಿದ್ದಂತೆ ನಿಧಾನವಾಗುತ್ತಾರೆ. ಐದಾದ ಮೇಲೆ ಕಿಟಕಿಯ ಹತ್ತಿರ ಹೋಗಿ ಪರದೆ ಸರಿಸುತ್ತಾರೆ. ಆರು. ಬೆವರು ಮೂಗಿನ ತುದಿಯಿಂದ ಚಾಪೆಗೆ ತೊಟ್ಟಿಕ್ಕುವುದು ಕೇಳಿಸುತ್ತದೆ. ಏಳು. ನನ್ನ ಎಡಗೈ ನಡುಗತೊಡಗುತ್ತದೆ; ಪಕ್ಕದ ಚಾಪೆಯ, ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬ ನಿವೃತ್ತ ಅಧ್ಯಾಪಕಿ ಅಲುಗಾಡದೆ ಗಾಳಿಯಲ್ಲಿದ್ದಾರೆ. ಎಂಟಕ್ಕೆ ನಾನು ಕೆಳಗೆ ಬರುತ್ತೇನೆ. ಗುರುಗಳು ನನ್ನತ್ತ ತಿರುಗಿಯೂ ನೋಡದೆ ಮತ್ತೊಮ್ಮೆ ‘ಎಂಟು’ ಎನ್ನುತ್ತಾರೆ, ಇಡೀ ಕೋಣೆ ನರಳುತ್ತದೆ, ನಾನು ಕೈಯೂರಿ ಪುನಃ ಏಳುತ್ತೇನೆ.