ಗೇಣು, ಚೋಟು, ಗೇಣು

ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಬಿಳಿ ಗೆರೆ ಇದೆ. ಬಿದಿರಿನ ಸೀಳು ಕೊಯ್ದ ಗಾಯ. ಹತ್ತನೇ ತರಗತಿಯ ಪರೀಕ್ಷೆ ಅರ್ಜಿ ತುಂಬುವಾಗ ಕ್ಲಾಸ್ ಟೀಚರ್ ಗುರುತಿನ ಚಿಹ್ನೆ ಏನಿದೆ ಅಂತ ಕೇಳಿದರು. ಇದನ್ನೇ ತೋರಿಸಿದೆ. "ಹೇಗಾಯ್ತು?" ಅಂದರು. "ಕ್ರಿಸ್‌ಮಸ್‌ನಿಂದ, ಟೀಚರ್" ಅಂದೆ. ಇಡೀ ಕ್ಲಾಸು ನಕ್ಕಿತು. ಶಾಲೆಯ ಸಂಚಿಕೆಗೆ ಏನಾದರೂ ಬರೆಯಿರಿ ಅಂತ ಈಗ ಕೇಳಿದಾಗ ಮೊದಲು ನೆನಪಾಗಿದ್ದು ಆ ಗಾಯವೇ. ಪಾಠ, ಪರೀಕ್ಷೆ, ಬೆತ್ತದ ಬಗ್ಗೆ ಬೇರೆಯವರು ಬರೆದೇ ಬರೆಯುತ್ತಾರೆ ಬಿಡಿ.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಅಪ್ಪನಿಗೆ ಕಾರವಾರಕ್ಕೆ ವರ್ಗವಾಗಿ, 1988ರ ಜೂನ್‌ನಲ್ಲಿ ದೇವಿಮನೆ ಘಟ್ಟ ಇಳಿದು ಬಂದೆವು. ನಾನಾಗ ಎಂಟನೇ ತರಗತಿ. ಹೊಸದರಲ್ಲಿ ಏನೂ ಹಿಡಿಸಲಿಲ್ಲ. ಬೆವರು, ಉಪ್ಪುಗಾಳಿ, ಮಾತು ಮಾತಿಗೆ ಕೊಂಕಣಿ. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳ ಮನೆ ಕೋಡಿಬಾಗದಲ್ಲಿ, ಕಾಳಿ ನದಿಗೆ ಹತ್ತಿರ. ಅವಳ ಅಪ್ಪನಿಗೆ ಹಡಗಿನಲ್ಲಿ ಕೆಲಸ. ಕ್ರಿಸ್‌ಮಸ್‌ಗೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಅಮ್ಮ, ಇಬ್ಬರು ತಮ್ಮಂದಿರು, ಮತ್ತೆ ಅಜ್ಜಿ. ಅಜ್ಜಿಯನ್ನು ಎಲ್ಲರೂ ಮಾಂಯ್ ಅನ್ನುತ್ತಿದ್ದರು. ಹದಿನೈದು ದಿನದಲ್ಲಿ ನನಗೂ ಅವರು ಮಾಂಯ್ ಆದರು.

ದೀಪಾವಳಿಗೆ ನಮ್ಮ ಬಾಡಿಗೆ ಮನೆಯ ಮುಂದೆ ಒಂದು ಆಕಾಶಬುಟ್ಟಿ ತೂಗಿತ್ತು. ಗೆಳತಿ ನೋಡಿ ಕಣ್ಣರಳಿಸಿದಳು. "ನಿನಗೆ ಬಿದಿರು ಕಟ್ಟೋಕೆ ಬರುತ್ತಾ? ಹಾಗಾದ್ರೆ ಡಿಸೆಂಬರ್‌ಗೆ ನಮ್ಮನೆಗೆ ಬಾ." ನಿಜ ಹೇಳಬೇಕೆಂದರೆ ಕಟ್ಟಿದ್ದು ನನ್ನ ಅಣ್ಣ. ನಾನು ಕಾಗದಕ್ಕೆ ಅಂಟು ಬಳಿದಿದ್ದೆ, ಅಷ್ಟೇ. ಆದರೂ ಹೂಂ ಅಂದುಬಿಟ್ಟೆ. ಹೊಸ ಊರಲ್ಲಿ ಒಬ್ಬಳಾದರೂ ಕರೆದಳಲ್ಲ ಅನ್ನುವ ಆಸೆ.

ಆ ಸುಳ್ಳಿನ ಫಲ ಡಿಸೆಂಬರಿನಲ್ಲಿ ಗೊತ್ತಾಯ್ತು. ಕಟ್ಟಬೇಕಿದ್ದದ್ದು ಕ್ರಿಸ್‌ಮಸ್‌ಗೆ ಮನೆ ಮುಂದೆ ತೂಗುವ ನಕ್ಷತ್ರ. ಅದಕ್ಕೆ ಹತ್ತು ಕಡ್ಡಿ ಬೇಕು. ಐದೈದು ಕಡ್ಡಿಯ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದು ಇಟ್ಟು, ಐದೂ ತುದಿಗಳನ್ನು ಸೇರಿಸಿ ಬಿಗಿಯಬೇಕು. ಆಮೇಲೆ ಒಳಮೂಲೆಗಳಲ್ಲಿ ಐದು ಗಿಡ್ಡ ಕಡ್ಡಿ ಸಿಗಿಸಿದರೆ ಎರಡೂ ನಕ್ಷತ್ರ ಉಬ್ಬಿ ನಿಲ್ಲುತ್ತವೆ. ಒಳಗೆ ಬಲ್ಬಿಗೆ ಜಾಗ ಸಿಗುತ್ತದೆ. ನಾನು ಆಗಷ್ಟೇ ಕಡಿದ ಹಸಿ ಬಿದಿರು ತರಿಸಿದೆ. ಹಸಿ ಬಿದಿರು ಚೆಂದ ಸೀಳುತ್ತದೆ, ಯಾರಿಗೂ ಖುಷಿಯಾಗುತ್ತದೆ. ಒಂದು ವಾರದಲ್ಲಿ ಅದು ಒಣಗಿ ಸಣ್ಣಗಾಗಿ, ಕಟ್ಟಿದ ಗಂಟೆಲ್ಲ ಸಡಿಲ. ಒಂದು ತುದಿ ಉದ್ದ, ಇನ್ನೊಂದು ಮೋಟು. ಗೆಳತಿಯ ಚಿಕ್ಕ ತಮ್ಮ ಅದನ್ನು ನೋಡಿ "ಕುರ್ಲಿ" ಅಂದ. ಕುರ್ಲಿ ಅಂದರೆ ಏಡಿ. ಅದನ್ನೇ ಆ ವರ್ಷ ತೂಗುಹಾಕಿದರು. ಯಾರೂ ಬಯ್ಯಲಿಲ್ಲ. ನನಗೆ ಮಾತ್ರ ದಾರಿಯಲ್ಲಿ ಹೋಗುವವರೆಲ್ಲ ಏಡಿಯನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಮರುವರ್ಷ ಮಾಂಯ್ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಒಂದು ತಿಂಗಳು ಮೊದಲೇ ಸೀಳಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿಟ್ಟ ಕಡ್ಡಿಗಳು. ಅಂಚನ್ನು ಚಾಕುವಿನಿಂದ ಹೆರೆದು ನುಣುಪು ಮಾಡಿದ್ದರು. ಹೆರೆಯುವ ಮೊದಲು ಮುಟ್ಟಬೇಡ ಅಂದಿದ್ದರು. ಮುಟ್ಟಿದೆ. ಆ ಗೆರೆ ಅಲ್ಲಿಯದು.

ಮಾಂಯ್ ಹತ್ತಿರ ಸ್ಕೇಲಿರಲಿಲ್ಲ. ಕಡ್ಡಿಯ ಒಂದು ತುದಿಗೆ ಹೆಬ್ಬೆರಳಿಟ್ಟು ಕಿರುಬೆರಳು ಚಾಚಿದರು. ಒಂದು ಗೇಣು. ಅವರ ಕೊಂಕಣಿಯಲ್ಲಿ ಅದು ವೀತ್. ಅಲ್ಲೊಂದು ಇದ್ದಿಲ ಗುರುತು. ಅಲ್ಲಿಂದ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನಷ್ಟು, ಅಂದರೆ ನಮ್ಮ ಚೋಟು. ಇನ್ನೊಂದು ಗುರುತು. ಮತ್ತೆ ಒಂದು ಗೇಣು. ಅಲ್ಲಿಗೆ ಕಡ್ಡಿ ಮುಗಿಯಿತು, ಉಳಿದದ್ದನ್ನು ಕತ್ತರಿಸಿದರು. "ಗುರುತಿನ ಮೇಲೆ ಗುರುತು ಕೂರಿಸು, ದಾರ ಸುತ್ತು. ಕಣ್ಣಳತೆ ಬೇಡ" ಅಂದರು. ದಾರ ಅಂದರೆ ಬಲೆ ನೇಯುವ ನೈಲಾನ್. ಪಕ್ಕದ ಮನೆಯ ಮೀನುಗಾರರು ಗಂಟು ಹಾಕುವುದನ್ನು ಕಲಿಸಿಕೊಟ್ಟರು. ಎಳೆದಷ್ಟೂ ಬಿಗಿಯಾಗುವ ಗಂಟು. ಕಟ್ಟಿ ಮುಗಿಸಿ ಎತ್ತಿ ಹಿಡಿದರೆ, ಅಬ್ಬಾ! ಐದೂ ತುದಿ ಒಂದೇ ಸಮ.

ಸೋಮವಾರ ಗಣಿತದ ಸರ್‌ಗೆ ಇದನ್ನು ಹೇಳಿದೆ. ಅವರು ಕರಿಹಲಗೆಯ ಮೇಲೆ ನಕ್ಷತ್ರ ಬರೆದರು. ಐದು ತುದಿಗಳ ಕೋನ ಕೂಡಿದರೆ 180 ಡಿಗ್ರಿ, ಹಾಗಾಗಿ ಒಂದೊಂದಕ್ಕೆ 36. ಕಡ್ಡಿ 24 ಇಂಚು ಇದ್ದರೆ ತುದಿಯಿಂದ ಮೊದಲ ಅಡ್ಡಗೆರೆಗೆ 9.17 ಇಂಚು ಬರಬೇಕು, ನಡುವಿನದು 5.67. ನನ್ನ ನೋಟ್‌ಬುಕ್ಕಿನಲ್ಲಿ ಮಾಂಯ್ ಕೈಯ ಅಳತೆ ಇತ್ತು. ಗೇಣು 9 ಇಂಚು, ಚೋಟು ಐದೂವರೆಗಿಂತ ತುಸು ಜಾಸ್ತಿ. ಸರ್ ಸುಣ್ಣದ ಕಡ್ಡಿ ಹಿಡಿದು ಒಂದು ನಿಮಿಷ ಸುಮ್ಮನೆ ನಿಂತರು. ಗೇಣನ್ನು ಚೋಟಿನಿಂದ ಭಾಗಿಸಿದರೆ ಸುಮಾರು 1.6 ಬರುತ್ತದೆ, ಇದಕ್ಕೆ ಸುವರ್ಣ ಅನುಪಾತ ಅಂತ ಹೆಸರು ಅಂದರು. "ಅಜ್ಜಿಗೆ ನನ್ನ ನಮಸ್ಕಾರ ಹೇಳು." ಹೇಳಿದೆ. ಮಾಂಯ್ ಅದಕ್ಕೆ "ಮಾಸ್ತರರಿಗೆ ದೋದೊಲ್ ತಗೊಂಡು ಹೋಗು" ಅಂದರು. ದೋದೊಲ್ ಅಂದರೆ ಅವರ ಕ್ರಿಸ್‌ಮಸ್ ಸಿಹಿ.

ಬಹಳ ವರ್ಷಗಳ ಮೇಲೆ ಒಂದು ಕಡೆ ಓದಿದೆ. ಜರ್ಮನಿಯ ನೀಸ್ಕಿ ಅನ್ನುವ ಊರಿನಲ್ಲಿ, ಮೊರಾವಿಯನ್ ಪಂಗಡದ ಗಂಡುಮಕ್ಕಳ ಶಾಲೆಯೊಂದಿತ್ತು. 1830ರ ದಶಕದಲ್ಲಿ ಅಲ್ಲಿ ರೇಖಾಗಣಿತ ಕಲಿಸಲೆಂದೇ ಕಾಗದದ ನಕ್ಷತ್ರ ಮಾಡಿಸುತ್ತಿದ್ದರಂತೆ. ಅದೇ ಮುಂದೆ ಕ್ರಿಸ್‌ಮಸ್ ನಕ್ಷತ್ರವಾಗಿ ಬೇರೆ ದೇಶಗಳಿಗೂ ಹೋಯಿತು. ಅದಕ್ಕೆ ಐದಲ್ಲ, ಸಾಮಾನ್ಯವಾಗಿ ಇಪ್ಪತ್ತೈದು ಮುಳ್ಳು. ಓದಿದ ಕೂಡಲೇ ನಮ್ಮ ಸರ್ ನೆನಪಾದರು. ಅವರಿಗೆ ತೋರಿಸಬೇಕಿತ್ತು.

ಕಾಗದ ಅಂಟಿಸುವುದು ಇನ್ನೊಂದು ಕತೆ. ಮೈದಾ ಹಿಟ್ಟನ್ನು ನೀರಲ್ಲಿ ಕಲಸಿ ಗಂಜಿಯ ಹಾಗೆ ಕಾಯಿಸಿದರೆ ಅಂಟು ರೆಡಿ. ಆದರೆ ಏಡಿ ನಕ್ಷತ್ರದ ಅಂಟನ್ನು ಜಿರಳೆಗಳು ತಿಂದು ಮುಗಿಸಿದ್ದವು. ಅದಕ್ಕೆ ಉಪಾಯ ನನ್ನ ಹತ್ತಿರ ಇತ್ತು. ಶಿರಸಿಯ ಮನೆಯಲ್ಲಿ ಮೈಲುತುತ್ತಕ್ಕೆ (ತಾಮ್ರದ ಸಲ್ಫೇಟ್) ಬರವೇ? ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗಾಲ ಮುಗಿದರೂ ತಳದಲ್ಲಿ ಒಂದಿಷ್ಟು ಉಳಿದಿರುತ್ತದೆ. ಒಂದು ಚಿಟಿಕೆ ಅಂಟಿಗೆ ಹಾಕಿದರೆ ಹುಳ ಮುಟ್ಟುವುದಿಲ್ಲ. ವಿಷ ಅಂತ ಮಾಂಯ್ ಆ ಡಬ್ಬಿಗೆ ಕೆಂಪು ಬಟ್ಟೆ ಕಟ್ಟಿ ತೊಲೆಗೆ ನೇತುಹಾಕಿದ್ದರು. ಆಮೇಲೆ ಆ ಬೀದಿಯ ಮೂರು ಮನೆಗಳಿಗೆ ನಾನು ಮೈಲುತುತ್ತ ಸರಬರಾಜು ಮಾಡಿದೆ. ಘಟ್ಟದ ಮೇಲಿನವಳು ಅನ್ನುವ ಹೆಸರಿಗೆ ಮೊದಲ ಸಲ ಒಂದು ಬೆಲೆ ಬಂತು.

ಗಾಳಿಪಟದ ಕಾಗದ ಅಂಟಿಸಿ, ಬಾಯಲ್ಲಿ ನೀರು ತುಂಬಿ ಫೂ ಅಂತ ಸಣ್ಣಗೆ ಸಿಂಪಡಿಸಿದರೆ ಒಣಗುವಾಗ ತಮಟೆಯ ಹಾಗೆ ಬಿಗಿಯುತ್ತದೆ. ಈ ಕೆಲಸಕ್ಕೆ ತಮ್ಮಂದಿರ ನಡುವೆ ಜಗಳ. ಡಿಸೆಂಬರಿನ ಇಬ್ಬನಿಗೆ ಕಾಗದ ಜೋಲುತ್ತದೆ ಅಂತ ರಾತ್ರಿ ಮಲಗುವ ಮುಂಚೆ ನಕ್ಷತ್ರ ಇಳಿಸಬೇಕು. ಮಾವಿನ ಕೊಂಬೆಗೆ ದೋಣಿಯ ಹಗ್ಗ, ದಾರದ ಹಳೇ ರೀಲೇ ರಾಟೆ.

1989ರಲ್ಲಿ ನಕ್ಷತ್ರ ಅಷ್ಟು ಚೆಂದ ಬಂದಿತ್ತಲ್ಲ, ನನಗೆ ತಲೆ ತಿರುಗಿತು. ಅದು ಕಾಳಿ ಸೇತುವೆಯ ಮೇಲಿಂದ ಕಾಣಬೇಕು ಅಂತ ಹಟ. ಸಣ್ಣ ಜೀರೋ ಬಲ್ಬ್ ತೆಗೆದು 100 ವ್ಯಾಟಿನದು ಹಾಕಿಸಿದೆ. ಎಲ್ಲರೂ ಸೇತುವೆಗೆ ಓಡಿದೆವು. ಹೌದು, ಕಂಡಿತು! ಕೆಂಪಗೆ, ತೆಂಗಿನ ಮರಗಳ ನಡುವೆ. ನೋಡ್ತಾ ನೋಡ್ತಾ ಕೆಂಪು ಕಂದಾಯಿತು. ಆಮೇಲೆ ಜಾಸ್ತಿಯೇ ಬೆಳಗಿತು. ಓಡಿ ಬಂದು ನೋಡಿದರೆ ಮಾಂಯ್ ಒಂದು ಕೊಡ ನೀರು ಸುರಿದು ನಿಂತಿದ್ದಾರೆ. ಮೆಯಿನ್ ಸ್ವಿಚ್ ಮೊದಲೇ ತೆಗೆದಿದ್ದರು, ಪುಣ್ಯ. ಬಿದಿರು ಮಾತ್ರ ಉಳಿದಿತ್ತು. "ಕಡ್ಡಿ ಸುಟ್ಟಿಲ್ಲ. ನಾಳೆ ಕಾಗದ ತಾ" ಅಂದರು. ಅಷ್ಟೇ.

(ಆ ಸೇತುವೆ ಈಗಿಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿತ್ತು, ಒಂದು ಲಾರಿ ಸಮೇತ. ಚಾಲಕ ಬದುಕಿ ಉಳಿದರು. ಟಿವಿಯಲ್ಲಿ ನೋಡುವಾಗ ನನಗೆ ಮೊದಲು ಹೊಳೆದದ್ದು ಆ ಕೆಂಪು ಚುಕ್ಕೆ.)

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದು ನಕ್ಷತ್ರಕ್ಕಿಂತ ನಿಧಾನದ ಕೆಲಸ. ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ 1223ರಲ್ಲಿ ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಮೊದಲ ಗೋದಲಿ ಮಾಡಿದ ಅಂತ ಗೆಳತಿಯ ಧರ್ಮಪಾಠದ ಪುಸ್ತಕದಲ್ಲಿತ್ತು. ನಮ್ಮ ಗೋದಲಿ ಜಗಲಿಯ ಮೂಲೆಯಲ್ಲಿ. ಗೋಡೆಗೆ ನಮ್ಮ ತೋಟದ ಅಡಿಕೆ ಹಾಳೆ, ಮಾಡಿಗೆ ಸೋಗೆ. ದಾರಿಯ ಎರಡೂ ಬದಿಗೆ ತಿಸ್ರೆ, ಅಂದರೆ ಮಳಿಯ ಚಿಪ್ಪು. ಸಾರಿಗೆ ಬಿದ್ದ ತಿಸ್ರೆಯ ಚಿಪ್ಪನ್ನು ಅವರು ವಾರಗಟ್ಟಲೆ ತೊಳೆದು ಒಣಗಿಸಿಡುತ್ತಿದ್ದರು. ಕೆರೆಗೆ ಒಡೆದ ಕನ್ನಡಿ. ಬೆಳ್ಳಿ ಚುಕ್ಕಿಗಳಿಗೆ ಸಿಗರೇಟು ಪ್ಯಾಕಿನ ಬೇಗಡೆ. ಅದನ್ನು ಬೀಡಿ ಅಂಗಡಿ ಮುಂದೆ ಆರಿಸಿ ತರುವುದು ತಮ್ಮಂದಿರ ಪಾಲು. ಮರ ಅಂದರೆ ಕಡಲತೀರದ ಗಾಳಿಮರದ ಒಂದು ಕೊಂಬೆ. ಅದರ ಪುಟ್ಟ ಪುಟ್ಟ ಕಾಯಿಗಳಿಗೆ ಸುಣ್ಣ ಬಳಿದರೆ ಹಿಮ ಬಿದ್ದ ಹಾಗೆ ಕಾಣುತ್ತದೆ ಅಂತ ಗೆಳತಿ ಹೇಳುತ್ತಿದ್ದಳು. ಹಿಮವನ್ನು ನಾವಿಬ್ಬರೂ ನೋಡಿರಲಿಲ್ಲ, ಹಾಗಾಗಿ ಜಗಳವಿಲ್ಲ.

ಹೊಲಕ್ಕೆ ರಾಗಿ ಮೊಳಕೆ. ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಮೂಡಿದ ಮೇಲೆ ಗೆರಟೆಯ ಮರಳಿನಲ್ಲಿ ಹರಡಬೇಕು. 12ನೇ ತಾರೀಕಿಗೆ ಹಾಕಿದರೆ 24ಕ್ಕೆ ಎರಡು ಇಂಚಿನ ಎಳೆಹಸಿರು. ನಾನು ಆತುರಕ್ಕೆ ತಿಂಗಳ ಆರಂಭದಲ್ಲೇ ಹಾಕಿದ್ದೆ ಒಂದು ವರ್ಷ. ಕ್ರಿಸ್‌ಮಸ್ ಹೊತ್ತಿಗೆ ಹಳದಿಯಾಗಿ ಮಲಗಿಬಿಟ್ಟಿತು. ಇನ್ನೊಂದು ವರ್ಷ ಕೋಳಿ ತಿಂದಿತು. ಬೇಸಾಯದ ಮನೆಯವಳು ಅಂತ ನನಗೆ ಆ ಕೆಲಸ ಕೊಟ್ಟಿದ್ದರು, ಪಾಪ.

ದೇವದೂತನ ರೆಕ್ಕೆ ನನ್ನ ಹೆಮ್ಮೆ. ಶಿರಸಿ ಕಡೆಯ ಗುಡಿಗಾರರು ಬೆಂಡಿನಲ್ಲಿ ಬಾಸಿಂಗ ಮಾಡುತ್ತಾರಲ್ಲ, ಹತ್ತಿಗಿಂತ ಹಗುರ, ಹಾಲಿನ ಬಣ್ಣ. ಚಿಕ್ಕಪ್ಪನ ಮದುವೆಯ ಬಾಸಿಂಗ ನಮ್ಮ ಅಟ್ಟದ ಮೇಲಿತ್ತು. ರಜೆಗೆ ಹೋದಾಗ ಅದರ ಹಿಂಬದಿಯ ನಾಲ್ಕು ಎಸಳು ಬಿಡಿಸಿಕೊಂಡು ಬಂದೆ. ಅಮ್ಮನಿಗೆ ಸಿಕ್ಕಿಬಿದ್ದೆ. ಅಮ್ಮ ಎಸಳುಗಳನ್ನು ತಿರುಗಿಸಿ ನೋಡಿ, "ಚಿಕ್ಕಪ್ಪನಿಗೆ ಹೇಳಬೇಡ" ಅಂದಳು. ಇಲ್ಲಿಯವರೆಗೆ ಹೇಳಿಲ್ಲ. ಚಿಕ್ಕಪ್ಪ ಈ ಸಂಚಿಕೆ ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಬರೆದಿದ್ದೇನೆ.

ಎಲ್ಲ ಸಿದ್ಧವಾದ ಮೇಲೆ ನೋಡಿದರೆ ನಡುವಿನ ಹುಲ್ಲಿನ ತೊಟ್ಟಿಲು ಖಾಲಿ. ಮಗುವಿನ ಗೊಂಬೆ ಕಳೆದಿದೆ ಅಂತ ನಾನು ಕಪಾಟಿನ ಕೆಳಗೆಲ್ಲ ಹುಡುಕಿದೆ. "ಇನ್ನೂ ಹುಟ್ಟಿಲ್ಲವಲ್ಲೇ" ಅಂದಳು ಗೆಳತಿ. 24ರ ನಡುರಾತ್ರಿಯ ಪೂಜೆ ಮುಗಿಸಿ ಬಂದು ಇಡುತ್ತಾರಂತೆ. ಮೂವರು ರಾಜರು ಕೂಡ ಮೊದಲ ದಿನ ಬಾಗಿಲ ಹತ್ತಿರವೇ. ದಿನಕ್ಕೆ ಒಂದು ಗೇಣು ಮುಂದೆ ಸರಿಸುತ್ತಾ ಜನವರಿ 6ಕ್ಕೆ ಅವರನ್ನು ತಲುಪಿಸಬೇಕು. ಶಾಲೆಯಿಂದ ಮನೆಗೆ ಹೋಗುವ ಮೊದಲು ಅವರನ್ನು ಸರಿಸುವ ಕೆಲಸ ನನಗೆ ಸಿಕ್ಕಿತು. ಒಂಟೆಯ ಒಂದು ಕಾಲು ಮುರಿದಿತ್ತು. ಅಡಿಕೆ ದಬ್ಬೆಯ ಚೂರು ಸಿಗಿಸಿದ್ದೆ. ಒಂಟೆ ಸ್ವಲ್ಪ ಕುಂಟುತ್ತಿತ್ತು, ಆದರೆ ಎಂದೂ ತಡವಾಗಲಿಲ್ಲ.

ತಿಂಡಿಯ ಬಗ್ಗೆ ಹೇಳದಿದ್ದರೆ ಗೆಳತಿ ಬಿಡುವುದಿಲ್ಲ. ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು, ಮಾಡುವ ರಾತ್ರಿ ಅಕ್ಕಪಕ್ಕದವರೆಲ್ಲ ಚಾಪೆ ಹಾಕಿ ಕೂರುತ್ತಿದ್ದರು. ಕುಲ್‌ಕುಲ್ ಅಂದರೆ ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡುವುದು. ಆ ಬಾಚಣಿಗೆ ತಲೆ ಕಂಡಿದ್ದಲ್ಲ, ಅದಕ್ಕೆಂದೇ ಇಟ್ಟದ್ದು. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಮಾಂಯ್ ಯಾರನ್ನೂ ಕೇಳದೆ ಮೊಟ್ಟೆ ಇಲ್ಲದ ಹಿಟ್ಟು ಬೇರೆ ಕಲಸಿ, ಬೇರೆ ಎಣ್ಣೆಯಲ್ಲಿ ಕರಿದು, ಬೇರೆ ತಟ್ಟೆಯಲ್ಲಿ ಕೊಟ್ಟು ಕಳಿಸಿದರು. ತಟ್ಟೆ ಖಾಲಿ ಹೋಗಬಾರದಲ್ಲ. ಅಮ್ಮ ಅದರಲ್ಲಿ ಕಾಗದದಷ್ಟು ತೆಳ್ಳಗಿನ ಸಿಹಿ ತೊಡದೇವು ಇಟ್ಟಳು, ಅಜ್ಜನ ಮನೆಯ ಕಬ್ಬಿನ ಹಾಲಿನದು. ಮಾಂಯ್ ಒಂದನ್ನು ಬೆಳಕಿಗೆ ಹಿಡಿದು ನೋಡಿದರು. ಆಚೆ ಬದಿಯ ದೀಪ ಕಾಣುತ್ತಿತ್ತು. "ಇದನ್ನೇ ಅಂಟಿಸಬಹುದಿತ್ತಲ್ಲೇ ನಕ್ಷತ್ರಕ್ಕೆ" ಅಂದರು.

1991ರಲ್ಲಿ ಅಪ್ಪನಿಗೆ ಮತ್ತೆ ವರ್ಗ. ಮಾಂಯ್ ಈಗಿಲ್ಲ. ಗೆಳತಿ ಅದೇ ಮನೆಯಲ್ಲಿದ್ದಾಳೆ, ಹೆಂಚು ಹೋಗಿ ಸ್ಲ್ಯಾಬ್ ಬಂದಿದೆ. ಅವಳೂ ಈಗ ಪೇಟೆಯ ಪ್ಲಾಸ್ಟಿಕ್ ನಕ್ಷತ್ರ ಹಾಕುತ್ತಾಳೆ. ಬೇಜಾರಿಲ್ಲ, ಇಬ್ಬನಿಗೆ ಅದು ಜೋಲುವುದಿಲ್ಲ. ಗೋದಲಿ ಮಾತ್ರ ಕೈಯದೇ.

ನಾನು ಹುಬ್ಬಳ್ಳಿಯಲ್ಲಿ ಪ್ರತಿ ವರ್ಷ ಒಂದು ಬಿದಿರಿನ ನಕ್ಷತ್ರ ಕಟ್ಟುತ್ತೇನೆ. ದೀಪಾವಳಿಗೆ ತೂಗಿದರೆ ಜನವರಿಯವರೆಗೂ ಇಳಿಸುವುದಿಲ್ಲ. ಕಳೆದ ವರ್ಷ ಪಕ್ಕದ ಮನೆಯ ಹುಡುಗ ಸ್ಕೇಲ್ ಹಿಡಿದು ಬಂದ. ಬೇಡ ಅಂದೆ. ನನ್ನ ಗೇಣು ಎಂಟೂವರೆ ಇಂಚು, ಚೋಟು ಐದೂಕಾಲು. ಹಾಗಾಗಿ ನನ್ನ ಕಡ್ಡಿ 22 ಇಂಚಿನ ಮೇಲೆ ಕಾಲು. ಅವನ ಗೇಣು ಆರೇ ಇಂಚು. ಅವನಿಗೆ 16 ಇಂಚಿನ ಕಡ್ಡಿ ಹತ್ತು ಕತ್ತರಿಸಿ ಕೊಟ್ಟೆ. ಅಂಚು ಹೆರೆಯುವವರೆಗೆ ಮುಟ್ಟಬೇಡ ಅಂದೆ.

ಮುಟ್ಟಿದ.