ಏನ್ ಒಗೀಬೇಕು?

ಭಾನುವಾರ ಸಂಜೆಯಿಂದ ಈ ಒಂದು ಮಾತು ತಲೆಯಿಂದ ಇಳೀತಾ ಇಲ್ಲ. 'ಏನ್ ಒಗೀಬೇಕು?' ಅಂತ ನಮ್ಮ ಅತ್ತೆ ಕೇಳಿದ್ದು. ಜಗಳಕ್ಕೆ ಕೇಳಿದ್ದಲ್ಲ, ತಮಾಷೆಗೂ ಅಲ್ಲ. ಅವರಿಗೆ ನಿಜವಾಗ್ಲೂ ಗೊತ್ತಾಗಬೇಕಿತ್ತು. ಅಡುಗೆಮನೆಯಲ್ಲಿ ನಿಂತಾಗ, ಬಸ್ಸಲ್ಲಿ ಕೂತಾಗ ಸುಮ್ನೆ ನೆನಪಾಗಿ ನಗು ಬರುತ್ತೆ. ನಗು ನಿಂತ ಮೇಲೆ ಒಂಥರಾ ಆಗುತ್ತೆ.

ಮಗ ಐದನೇ ಕ್ಲಾಸು, ನವೋದಯ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರಿಸುತ್ತಿದ್ದೇವೆ. ಈ ಕಲಬುರಗಿಯಲ್ಲಿ ಐದನೇ ಕ್ಲಾಸಿನ ಮಕ್ಕಳಿರುವ ಮನೆಯವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ. 80 ಪ್ರಶ್ನೆ, 100 ಅಂಕ, 2 ಗಂಟೆ. ಅದರಲ್ಲಿ ಭಾಷೆಗೆ 20 ಪ್ರಶ್ನೆ, 25 ಅಂಕ, ಅಂದರೆ ಒಂದಕ್ಕೆ ಒಂದೂಕಾಲು. ಲೆಕ್ಕ ಮತ್ತು ಆ ತಿರುಗಿಸಿ ಮುರುಗಿಸಿ ನೋಡುವ ಆಕೃತಿಗಳು ಅವರಪ್ಪನ ಪಾಲು. ಕನ್ನಡ ನನ್ನ ಪಾಲು. ನಾನು ಹಾಸನದವಳು, ನನ್ನದು ಪುಸ್ತಕದ ಕನ್ನಡ ಅಂತ ಈ ಮನೆಯಲ್ಲಿ 12 ವರ್ಷದಿಂದ ಒಂದು ನಂಬಿಕೆ. ಆ ನಂಬಿಕೆ ನನಗೂ ಇತ್ತು ಅನ್ನಿ.

ಟ್ಯೂಷನ್ ಸರ್ ಒಂದು ಝೆರಾಕ್ಸ್ ಹಾಳೆ ಕೊಟ್ಟು ಕಳಿಸಿದ್ದರು. ಮೇಲೆ 'ಕ್ರಿಯಾಪದಗಳು: ಸಮಾನಾರ್ಥಕ ಆರಿಸಿ' ಅಂತ. 20 ಪದ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಹಿಂದುಗಡೆ ಕೀ ಆನ್ಸರ್. ಸರ್ ಒಳ್ಳೆಯವರೇ, ಮಕ್ಕಳಿಗೆ ಹೊಡೆಯಲ್ಲ, ಫೀಸು ತಡವಾದರೂ ಮುಖ ಗಂಟಿಕ್ಕಲ್ಲ. ಆದರೆ ಕೀ ಆನ್ಸರ್ ಅಂದರೆ ಅವರಿಗೆ ದೇವರ ವಾಕ್ಯ. ಮಗ ಒಂಬತ್ತನೇ ಪ್ರಶ್ನೆಗೆ ಬಂದ. 'ಒಗೆ: ಅ) ತೊಳೆ ಆ) ಎಸೆ ಇ) ಹಿಡಿ ಈ) ಮುರಿ.' ಅವನು ಯೋಚನೆಯನ್ನೇ ಮಾಡದೆ 'ಎಸೆ'ಗೆ ಟಿಕ್ ಹಾಕಿದ. ಕೀ ನೋಡಿದರೆ 'ತೊಳೆ'. ನಾನೂ ಕೆಂಪು ಪೆನ್ನಲ್ಲಿ ಅಡ್ಡಗೆರೆ ಎಳೆದೆ. 'ಬಟ್ಟೆ ಒಗೆಯೋದು ಅಂತೀವಲ್ಲ ಪುಟ್ಟಾ' ಅಂದೆ. ಅವನು ನನ್ನನ್ನೇ ನೋಡಿದ. 'ಸರ್ ದಿನಾ ಚಾಕ್‌ಪೀಸ್ ಒಗೀಬ್ಯಾಡ್ರೋ ಅಂತಾರಲ್ಲ, ಅದೇನ್ ತೊಳೀತೀವೇನು?'

ಸರ್‌ಗೆ ಫೋನ್ ಮಾಡಿ ಕೇಳಿದೆ. 'ಮೇಡಂ, ಕೀ ಹಂಗದ' ಅಂದರು. ಇಲ್ಲೇ ಸೇಡಂ ಕಡೆಯವರು ಅವರು, ಹುಟ್ಟಿದಾಗಿನಿಂದ ಕಲ್ಲು ಒಗೆದು, ಚೆಂಡು ಒಗೆದು ಬೆಳೆದವರು. ಆದರೂ ಕೀ ಹಂಗದ. ಗಂಡನನ್ನು ಕೇಳಿದರೆ ಮೊಬೈಲಿಂದ ಕಣ್ಣು ತೆಗೆಯದೆ 'ಎರಡೂ ಸರಿ' ಅಂದರು. ಮನೆಯಲ್ಲಿ ಯಾವುದೇ ಜಗಳಕ್ಕೂ ಅವರದು ಇದೇ ತೀರ್ಪು. ಟಿಕ್ ಹಾಕೋಕೆ ಇರೋದು ಒಂದೇ ಅಲ್ವಾ.

ಆಗ ಮಗನಿಗೆ ಹೊಳೆಯಿತು, ಅಜ್ಜಿಗೇ ಟೆಸ್ಟ್ ಇಡೋಣ ಅಂತ. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹಸನು ಮಾಡುತ್ತಿದ್ದರು. ಕನ್ನಡಕ ಮೂಗಿನ ತುದಿಯಲ್ಲಿ. ಬೆರಳು ಮಾತ್ರ ಯಂತ್ರದ ಹಾಗೆ, ಹುಳ ಹಿಡಿದ ಬೇಳೆ ಆ ಕಡೆ, ಹರಳು ಈ ಕಡೆ. ಇವನು ಎದುರಿಗೆ ಕೂತು ಮಾಸ್ತರರ ಗತ್ತಲ್ಲಿ ಕೇಳಿದ. 'ಅಜ್ಜಿ, ಒಗೆ. ಇದರ ಅರ್ಥ ಹೇಳು.'

ಬೆರಳು ನಿಂತಿತು. ಕನ್ನಡಕದ ಮೇಲಿಂದ ಅವನನ್ನು ನೋಡಿದರು. 'ಏನ್ ಒಗೀಬೇಕು?'

'ಏನೂ ಇಲ್ಲ. ಬರೇ ಒಗೆ.'

'ಬರೇ ಒಗಿ ಅಂದ್ರ ಹ್ಯಾಂಗ? ಕಲ್ಲೋ, ಅರಬಿಯೋ? ಏನ್ ಒಗೀಬೇಕು ಹೇಳು, ಆಮ್ಯಾಲ ಹೇಳ್ತೀನಿ.' ಅರಬಿ ಅಂದರೆ ಇಲ್ಲಿ ಬಟ್ಟೆ.

ಅಲ್ಲಿಂದ ಮುಂದೆ ಎಲ್ಲಾ ಪದಕ್ಕೂ ಇದೇ ಕಥೆ. ಉತ್ತರಕ್ಕೆ ಮೊದಲು ಅವರದೊಂದು ಪ್ರಶ್ನೆ. 'ಹಚ್ಚು' ಅಂದರೆ, 'ಏನ್ ಹಚ್ಚಬೇಕು? ದೀಪ ಹಚ್ಚೋದೋ, ಅರಿಶಿಣ ಹಚ್ಚೋದೋ, ಫೋನ್ ಹಚ್ಚೋದೋ? ನಿನಗ ಸಾಲಿಗಿ ಹಚ್ಚೀವಲ್ಲ, ಅದೋ?' ಕೀ ಪ್ರಕಾರ ಹಚ್ಚು ಅಂದರೆ 'ಲೇಪಿಸು'. ಸಾಲಿಗೆ ಲೇಪಿಸೀವಿ ಅಂತ ಇವನು ಹೊಟ್ಟೆ ಹಿಡಿದುಕೊಂಡು ಉರುಳಾಡಿದ. 'ಕೂಡು' ಅಂದಾಗ ಪಕ್ಕದ ಚಾಪೆ ತೋರಿಸಿ 'ಕೂತೇ ಇದ್ದೀಯಲ್ಲೋ, ಇನ್ನೆಲ್ಲಿ ಕೂಡ್ತಿ' ಅಂದರು. ಕೀಯಲ್ಲಿ ಅದು 'ಸೇರು'. ತಪ್ಪು. 'ತಿನ್ನು'ಗೆ 'ಉಣ್ಣು' ಅಂತ ಕೀ. ಇವನೇ ಕೀ ಓದಿ ಹೇಳಿದ್ದಕ್ಕೆ 'ಬಾಳೆಹಣ್ಣು ಉಣ್ತಾರೇನ್ ಯಾರಾದ್ರೂ?' ಅಂತ ಕೇಳಿದರು. 'ಭುಜಿಸು' ಬಂದಾಗ ಭುಜ ಮುಟ್ಟಿ ತೋರಿಸಿದರು.

ನಾನು ನಗುತ್ತಲೇ ಇದ್ದೆ. ನಗು ನಿಂತಿದ್ದು 'ಬೀಸು' ಬಂದಾಗ. ಕೀಯಲ್ಲಿ 'ಅರೆ' ಅಂತ ಇತ್ತು. ಅತ್ತೆಗೆ ಸಿಟ್ಟೇ ಬಂತು. ಬೀಸೋದು ಒಣಗಿದ್ದು, ಅರೆಯೋದು ಹಸಿಯದು. ಜೋಳ ಬೀಸ್ತಾರೆ, ಚಟ್ನಿ ಅರೀತಾರೆ. ಬೀಸೋ ಕಲ್ಲಿನ ಮುಂದೆ ಕೂತವರ ತೋಳು ಒಂಥರಾ ನೋಯುತ್ತೆ, ಅರೆಯುವವರ ತೋಳು ಇನ್ನೊಂಥರಾ ನೋಯುತ್ತೆ. ಬಲಗೈ ಸುತ್ತಿಸಿ, ಆಮೇಲೆ ಎರಡೂ ಕೈ ಮುಂದೆ ಹಿಂದೆ ತಳ್ಳಿ ತೋರಿಸಿದರು. 'ಇದು ಅದು ಒಂದೇ ಅಂದವ ಯಾವತ್ತೂ ಬೀಸಿಲ್ಲ, ಅರದೂ ಇಲ್ಲ' ಅಂದರು. ನಾನು ಕೀ ಹಾಳೆ ಮಡಚಿ ಕೈಯಲ್ಲಿ ಇಟ್ಟುಕೊಂಡೆ. ಬೀಸಿಲ್ಲ, ಅರೆದಿಲ್ಲ ಅಂದರೆ ಅದರಲ್ಲಿ ನಾನೂ ಬಂದೆ.

ಕೊನೆಗೆ ಅಂಕ ಹಾಕಿದ್ದು ಇವನೇ. 20ಕ್ಕೆ 7 ಸರಿ. ಒಂದೂಕಾಲರ ಹಾಗೆ ಎಂಟೂ ಮುಕ್ಕಾಲು. 'ಅಜ್ಜಿಗೆ ಸೀಟು ಸಿಗಲ್ಲ' ಅಂತ ಘೋಷಿಸಿದ. ಅತ್ತೆ ಬೇಳೆ ಡಬ್ಬಕ್ಕೆ ಸುರಿಯುತ್ತಾ, 'ಬ್ಯಾಡ ಬಿಡು, ಅಲ್ಲಿ ಹಾಸ್ಟೆಲ್ ಊಟ' ಅಂದರು.

ರಾತ್ರಿ ಮಾವನವರ ಕಾಲದ ದಪ್ಪ ನಿಘಂಟು ತೆಗೆದು ನೋಡಿದೆ. ಒಗೆ ಅಂದರೆ ಎಸೆ ಅಂತಾನೂ ಇದೆ, ಬಟ್ಟೆ ತೊಳೆ ಅಂತಾನೂ ಇದೆ. ಹಳಗನ್ನಡದಲ್ಲಿ ಹುಟ್ಟು ಅಂತಾನೂ ಇದೆ. ಇನ್ನು ಆ 'ಎಸೆ' ನೋಡಿದರೆ, ಹಳಗನ್ನಡದಲ್ಲಿ ಹೊಳೆ, ಚೆಂದ ಕಾಣು ಅಂತ ಅರ್ಥ. ಅಂದರೆ ಆ ಹಾಳೆ ಹಳಗನ್ನಡದ ಕವಿಯ ಕೈಗೆ ಸಿಕ್ಕಿದ್ದರೆ ನಾಲ್ಕು ಆಯ್ಕೆಯಲ್ಲಿ ಯಾವುದಕ್ಕೂ ಟಿಕ್ ಹಾಕದೆ ಎದ್ದು ಹೋಗಿರುತ್ತಿದ್ದ.

ಸೂರ್ಯನಿಗೆ ರವಿ ಅನ್ನಿ, ಭಾನು ಅನ್ನಿ, ಆಕಾಶದಲ್ಲಿ ಇರೋನು ಒಬ್ಬನೇ. ಕ್ರಿಯಾಪದ ಹಾಗಲ್ಲ. ಕೈಯಲ್ಲಿ ಏನಿದೆ ಅಂತ ಗೊತ್ತಾಗೋ ತನಕ ಅದು ಏನೂ ಅಲ್ಲ. ನವೋದಯದವರು ಕೇಳೋದೂ ಹಾಗೇ. ಒಂದು ಗದ್ಯಭಾಗ ಕೊಟ್ಟು ಅದರ ಮೇಲೆ ಐದು ಪ್ರಶ್ನೆ, ಇಂಥ ನಾಲ್ಕು. ಪದ ಕೇಳಿದರೂ ವಾಕ್ಯದೊಳಗೇ ಇರುತ್ತೆ. ಹುಡುಗ ನದಿಗೆ ಕಲ್ಲು ಒಗೆದ ಅಂತ ಇದ್ದರೆ ಯಾರೂ ಕಲ್ಲನ್ನ ಸೋಪು ಹಾಕಿ ತೊಳೆಯಲ್ಲ. ಬರೀ ಪದ ಕಿತ್ತು ಪಟ್ಟಿ ಮಾಡಿದ್ದು ನಾವು, ಟ್ಯೂಷನ್ನಿನವರು ಮತ್ತು ನನ್ನಂಥ ತಾಯಂದಿರು. ಅತ್ತೆ ಕೇಳಿದ್ದು ಆ ಕಿತ್ತು ಹಾಕಿದ ವಾಕ್ಯವನ್ನ.

ಇನ್ನೊಂದು ವಿಷಯ ಹೇಳಲೇಬೇಕು. ಮದುವೆಯಾದ ಹೊಸದು. ಮೇ ತಿಂಗಳು, ಕಲಬುರಗಿ ಬಿಸಿಲು, ನಮ್ಮ ಓಣಿಗೆ ಆಗ ನೀರು ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ. ಅತ್ತೆ ಒಂದು ಹರಿದ ಕೌದಿ, ಅಂದರೆ ಹಳೇ ಬಟ್ಟೆ ಸೇರಿಸಿ ಹೊಲಿದ ಹೊದಿಕೆ, ನನ್ನ ಕೈಗೆ ಕೊಟ್ಟು 'ಇದು ಒಗಿ' ಅಂದು ಗುಡಿಗೆ ಹೋದರು. ಕೌದಿ ಒಗೆದವರಿಗೆ ಗೊತ್ತು, ನೆಂದರೆ ಅದು ಕೋಣದ ಭಾರ. ಹೊಸ ಸೊಸೆ ಅಲ್ವಾ, ಒಂದು ಮಾತು ಆಡದೆ ಹಿಂಡಿ, ಜಾಲಾಡಿ, ಮಾಳಿಗೆ ಮೇಲೆ ಒಣಗಿಸಿ, ಸಂಜೆ ಮಡಚಿ ಇಟ್ಟೆ. ಅತ್ತೆ ಬಂದು ಕೌದಿ ನೋಡಿದರು. ಆಮೇಲೆ ಡ್ರಮ್ ಬಗ್ಗಿ ನೋಡಿದರು. ಆರು ಕೊಡ ನೀರು ಖಾಲಿ. ಅವರು ಬೈಯಲಿಲ್ಲ, ಆದರೆ ಇವತ್ತಿಗೂ ಮದುವೆ ಮನೆಗಳಲ್ಲಿ ಈ ಕಥೆ ಹೇಳುತ್ತಾರೆ, ಪ್ರತಿ ಸಲ ಒಂದು ಕೊಡ ಜಾಸ್ತಿ ಆಗುತ್ತೆ. ಆವತ್ತು 'ಏನ್ ಒಗೀಬೇಕು' ಅಂತಲ್ಲ, 'ಹೆಂಗ್ ಒಗೀಬೇಕು' ಅಂತಾದರೂ ನಾನು ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಕೀ ನನ್ನ ತಲೆಯಲ್ಲೇ ಇತ್ತು. ಅದೇ ಕೀ ಹಿಡಿದು ಭಾನುವಾರ ಮಗನ ಹಾಳೆ ಮೇಲೆ ಕೆಂಪು ಗೆರೆ ಎಳೆದೆ.

ಅತ್ತೆಯ ತವರು ಮಳಖೇಡದ ಹತ್ತಿರ. ಕಾಗಿಣಾ ನದಿಯ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ 'ಕನ್ನಡಂಗಳ್' ಅಂತ ಬಹುವಚನದಲ್ಲೇ ಹೇಳುತ್ತೆ. ದೇಸಿ ಬೇರೆ ಬೇರೆ ಇರುವುದರಿಂದ ಇದರಲ್ಲಿ ತಪ್ಪು ಹುಡುಕೋಕೆ ಹೋದರೆ ವಾಸುಕಿಯೂ ಬೇಸತ್ತು ಹೋಗ್ತಾನೆ ಅನ್ನುತ್ತೆ. ಇದನ್ನು ಡಿಗ್ರಿಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೆ. ಹಾಸನದಲ್ಲಿ ಕೂತು.

ಮಂಗಳವಾರ ಬೆಳಗ್ಗೆ ಮಗ ಟ್ಯೂಷನ್ನಿಗೆ ಹೊರಡುವಾಗ ಆ ಹಾಳೆ ಕಾಣಲಿಲ್ಲ. ಹುಡುಕಿದರೆ ಅತ್ತೆ ಅದರಲ್ಲೇ ಬೇಳೆಯ ಹೊಟ್ಟು, ಹರಳು, ಹುಳ ಎಲ್ಲಾ ಗುಡಿಸಿ ಪೊಟ್ಟಣ ಕಟ್ಟಿ ಇಟ್ಟಿದ್ದರು. ಅವನ ಕೈಗೇ ಕೊಟ್ಟು 'ಹೋಗೋ ದಾರ್ಯಾಗ ಇದು ಒಗಿ' ಅಂದರು.

ಅವನು ಪೊಟ್ಟಣ ನೋಡಿದ, ನನ್ನನ್ನು ನೋಡಿದ. ಸೀದಾ ನಲ್ಲಿ ಹತ್ತಿರ ಹೋಗಿ ನೀರು ತಿರುಗಿಸಿದ.

'ಥೇಟ್ ಅವರವ್ವ' ಅಂದರು ಅತ್ತೆ.