ಅನ್ಯಾಯ ನ್ಯಾಯವಾಗಿ ಕೇಳಿಸಿದ ಲ್ಯಾಪ್‌ಟಾಪ್

ನಮ್ಮ ಕಚೇರಿಯಲ್ಲಿ ಲ್ಯಾಪ್‌ಟಾಪಿನ ಪರದೆ ಒಡೆದರೆ ಕೆಲಸ ನಿಲ್ಲುವುದಿಲ್ಲ. ಶಬ್ದ ನಿಂತರೆ ನಿಲ್ಲುತ್ತದೆ. ಅಂಧ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವುದು ನಮ್ಮ ಕಸುಬು. ಮುದ್ರಿಸಿದ್ದನ್ನು ಆಲಿಸಿ ತಪ್ಪು ಹಿಡಿಯುವವರಲ್ಲಿ ಮೂವರಿಗೆ ಕಣ್ಣು ಕಾಣುವುದಿಲ್ಲ. ಅವರು ಓರ್ಕಾ ಎಂಬ ತಂತ್ರಾಂಶದ ನೆರವಿನಿಂದ ಕಂಪ್ಯೂಟರ್ ಬಳಸುತ್ತಾರೆ. ಪರದೆಯ ಮೇಲಿರುವುದನ್ನೆಲ್ಲ ಅದು ಇ-ಸ್ಪೀಕ್‌ನ ತಗಡಿನಂಥ ದನಿಯಲ್ಲಿ ಕನ್ನಡದಲ್ಲೇ ಓದಿ ಹೇಳುತ್ತದೆ. ದನಿ ಹೋಯಿತೆಂದರೆ ಅವರ ಪಾಲಿಗೆ ಪರದೆಯೂ ಹೋಯಿತು, ಕೀಲಿಮಣೆಯೂ ಹೋಯಿತು.

ಅಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನೊಬ್ಬನೇ. ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆ ಬೇಕೆಂದು ಹಟ ಹಿಡಿದವನೂ ನಾನೇ ಆದ್ದರಿಂದ ಶಬ್ದ ಕೈಕೊಟ್ಟಾಗಲೆಲ್ಲ ಬೈಗುಳಕ್ಕೆ ಬೇರೆ ವಾರಸುದಾರರಿಲ್ಲ.

2022ರಲ್ಲಿ ಇಂಟೆಲ್‌ನ ಹತ್ತನೇ ತಲೆಮಾರಿನ ಪ್ರೊಸೆಸರ್ ಇರುವ ಎಂಟು ಲ್ಯಾಪ್‌ಟಾಪ್‌ಗಳು ಬಂದವು. ಎಲ್ಲಕ್ಕೂ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 11 ಹಾಕಿದೆ. ಎಲ್ಲವೂ ಮೂಕವಾಗಿದ್ದವು. ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಇರಬೇಕಾದ ಕಡೆ 'ಡಮ್ಮಿ ಔಟ್‌ಪುಟ್' ಎಂದು ಬರೆದಿತ್ತು. ಶಬ್ದವನ್ನು ಹಂಚುವ ತಂತ್ರಾಂಶವಾದ ಪಲ್ಸ್‌ಆಡಿಯೊಗೆ ನಿಜವಾದ ಸೌಂಡ್ ಕಾರ್ಡ್ ಒಂದೂ ಸಿಗದಿದ್ದಾಗ ಅದು ತಾನೇ ನಿಲ್ಲಿಸಿಕೊಳ್ಳುವ ಬೆದರುಗೊಂಬೆ ಅದು. ಶಬ್ದವನ್ನು ನುಂಗುತ್ತದೆ, ಹೊರಗೆ ಏನನ್ನೂ ಬಿಡುವುದಿಲ್ಲ.

ಆ ಮಧ್ಯಾಹ್ನ ನಾನು ಮಾಡಿದ್ದೆಲ್ಲವೂ ಅವಸರದ ಕೆಲಸ. ಪಲ್ಸ್‌ಆಡಿಯೊವನ್ನು ತೆಗೆದು ಮತ್ತೆ ಹಾಕಿದೆ. ಅದರ ಸಂರಚನೆಯ ಕಡತಗಳನ್ನು ಅಳಿಸಿದೆ. ವಾಲ್ಯೂಮ್ ಪಟ್ಟಿಯನ್ನು ಆ ತುದಿಯಿಂದ ಈ ತುದಿಗೆ ಎಳೆದಾಡಿದೆ. ಗದ್ದೆಗೆ ನೀರು ಬರಲಿಲ್ಲವೆಂದು ಗದ್ದೆಯನ್ನೇ ಅಗೆಯುತ್ತ ಕೂತ ಹಾಗಾಯಿತು. ಕೆರೆಯ ಕಡೆಗೆ ಹೋಗಿ ನೋಡಬೇಕಿತ್ತು. ಸೌಂಡ್ ಚಿಪ್ಪೇ ಕೆರೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಆ ಚಿಪ್ಪನ್ನು ನಡೆಸುವ ಅಲ್ಸಾ ಡ್ರೈವರ್ ತೂಬು. ಪಲ್ಸ್‌ಆಡಿಯೊ, ಈಗಿನ ವ್ಯವಸ್ಥೆಗಳಲ್ಲಾದರೆ ಪೈಪ್‌ವೈರ್, ಕಾಲುವೆ. ಪರದೆಯ ಮೂಲೆಯ ಸ್ಪೀಕರ್ ಚಿತ್ರ ಗದ್ದೆಯ ಬದುವಿನಲ್ಲಿದೆ. (ಶಬ್ದ ಹರಿಯುವುದು ಎದುರು ದಿಕ್ಕಿನಲ್ಲಲ್ಲವೇ ಎಂದು ನಮ್ಮ ಧ್ವನಿಮುದ್ರಣದ ಹುಡುಗ ತಕರಾರು ತೆಗೆದಿದ್ದಾನೆ. ಹುಡುಕಾಟ ಎಲ್ಲಿಂದ ಶುರುವಾಗಬೇಕು ಎಂಬಷ್ಟಕ್ಕೆ ಈ ಹೋಲಿಕೆ ಸಾಕು.)

ತೂಬಿನ ಬಳಿ ಮೂರು ಆದೇಶಗಳು ಸಾಕಿದ್ದವು. ಎಲ್‌ಎಸ್‌ಪಿಸಿಐ ಆದೇಶ ಚಿಪ್ ಇದೆಯೇ, ಅದಕ್ಕೆ ಯಾವ ಡ್ರೈವರ್ ಕೂತಿದೆ ಎಂದು ಹೇಳುತ್ತದೆ. ಎ-ಪ್ಲೇ ಆದೇಶ ಅಲ್ಸಾಕ್ಕೆ ಕಾರ್ಡ್ ಸಿಕ್ಕಿದೆಯೇ ಎಂಬುದನ್ನು ತಿಳಿಸುತ್ತದೆ. ಡಿ-ಮೆಸೇಜ್ ಎಂದು ನಾವು ಕರೆಯುವ ಕರ್ನಲ್ ದಿನಚರಿಯಲ್ಲಿ, ಚಾಲೂ ಆಗುವಾಗ ಏನು ಎಡವಿತು ಎಂಬುದು ದಾಖಲಾಗಿರುತ್ತದೆ. ನಮ್ಮಲ್ಲಿ ಚಿಪ್ ಇತ್ತು, ಕಾರ್ಡ್ ಸಿಕ್ಕಿರಲಿಲ್ಲ. ದಿನಚರಿಯಲ್ಲಿ ಎಸ್‌ಒಎಫ್ ಎಂಬ ಹೆಸರಿನ ಫರ್ಮ್‌ವೇರ್ (ಚಿಪ್ಪಿಗೇ ತುಂಬಬೇಕಾದ ತಂತ್ರಾಂಶ) ಕಡತವನ್ನು ಕೇಳಿದ್ದೂ 'ಮೈನಸ್ ಎರಡು' ಎಂಬ ದೋಷ ಬಂದದ್ದೂ ಸ್ಪಷ್ಟವಾಗಿ ಬರೆದಿತ್ತು. ಲಿನಕ್ಸ್ ಭಾಷೆಯಲ್ಲಿ ಮೈನಸ್ ಎರಡು ಎಂದರೆ ಕೇಳಿದ ಕಡತವೇ ಇಲ್ಲ ಎಂದರ್ಥ. ಇಷ್ಟು ಬಿಡಿಸಿ ಹೇಳಿದ್ದರೂ ನಾನು ಆ ಸಾಲನ್ನು ಓದಿದ್ದು ನಾಲ್ಕು ದಿನಗಳ ಆಮೇಲೆ.

ಏಕೆಂದರೆ ಅಷ್ಟರಲ್ಲಿ ಅಂತರ್ಜಾಲದಲ್ಲಿ ಒಂದು ಸಾಲಿನ ಮದ್ದು ಸಿಕ್ಕಿಬಿಟ್ಟಿತ್ತು. ಸೌಂಡ್ ಡ್ರೈವರಿನ ಆಯ್ಕೆಗಳ ಕಡತದಲ್ಲಿ 'ಡಿಮೈಕ್ ಡಿಟೆಕ್ಟ್' ಎಂಬುದನ್ನು ಸೊನ್ನೆ ಮಾಡಿ ಎಂದಿತ್ತು. ಮಾಡಿದೆ, ಮರುಚಾಲೂ ಮಾಡಿದೆ, ಸ್ಪೀಕರ್ ಹಾಡಿತು. ಖುಷಿಯಲ್ಲಿ ಎಂಟಕ್ಕೂ ಅದನ್ನೇ ಹಾಕಿ ಹಂಚಿಬಿಟ್ಟೆ. ಆ ಸಾಲು ಏನು ಮಾಡುತ್ತದೆ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಮೂರು ದಿನಗಳ ಮೇಲೆ, ಪಠ್ಯವನ್ನು ಓದಿ ಧ್ವನಿಮುದ್ರಿಸುವವರೊಂದಿಗೆ ಆನ್‌ಲೈನ್ ಸಭೆ ಇತ್ತು. ಆಲಿಸುವ ವಿಭಾಗದ ಮೇಡಂ ಒಂದು ಪುಸ್ತಕದ ಉಚ್ಚಾರಣೆಯ ತಪ್ಪುಗಳನ್ನು ಒಂದೊಂದಾಗಿ ವಿವರಿಸಿದರು, ಹತ್ತು ನಿಮಿಷ. ಯಾರಿಗೂ ಒಂದಕ್ಷರ ಕೇಳಿಸಲಿಲ್ಲ. ಪರದೆಯ ಮೇಲೆ ಎಲ್ಲರೂ ಕೈ ಆಡಿಸುತ್ತಿದ್ದರು; ಅದು ಅವರಿಗೆ ಹೇಗೆ ಕಾಣಬೇಕು? ಮರುದಿನ ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದರು. "ನೀವು ಶಬ್ದ ಸರಿಹೋಯಿತು ಎಂದಿರಿ. ಬರುವ ಶಬ್ದ ಸರಿಹೋಗಿದೆ. ಹೋಗುವ ಶಬ್ದವನ್ನು ನೋಡಿದ್ದಿರಾ?"

ನೋಡಿರಲಿಲ್ಲ. ಹಾಡು ಕೇಳಿಸಿತಲ್ಲ ಎಂದುಕೊಂಡಿದ್ದೆ.

ಆಗ ಕುಳಿತು ಓದಿದೆ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರಿನ ತಂತಿ ಹೋಗುವುದು ಕೋಡೆಕ್ ಎಂಬ ಚಿಪ್ಪಿಗೆ. ಪರದೆಯ ಅಂಚಿನಲ್ಲಿರುವ ಡಿಜಿಟಲ್ ಮೈಕ್ ಮಾತ್ರ ಆ ದಾರಿಯಲ್ಲಿ ಬರುವುದಿಲ್ಲ, ನೇರವಾಗಿ ಇಂಟೆಲ್‌ನ ಡಿಎಸ್‌ಪಿ ಎಂಬ ಧ್ವನಿ ಸಂಸ್ಕಾರಕಕ್ಕೆ ಹೋಗುತ್ತದೆ. ಚಾಲೂ ಆಗುವಾಗ ಕರ್ನಲ್ ಇಂಥ ಮೈಕ್ ಇದೆಯೇ ಎಂದು ಹುಡುಕುತ್ತದೆ; ಇದ್ದರೆ ಡಿಎಸ್‌ಪಿಯನ್ನು ಎಬ್ಬಿಸುವ ಎಸ್‌ಒಎಫ್ ಡ್ರೈವರನ್ನು ಆರಿಸಿಕೊಳ್ಳುತ್ತದೆ. ಆ ಡ್ರೈವರಿಗೆ ಫರ್ಮ್‌ವೇರ್ ಬೇಕು. ನಾನು ಸೊನ್ನೆ ಮಾಡಿದ ಸಾಲಿನ ಅರ್ಥ 'ಮೈಕ್ ಹುಡುಕಲೇಬೇಡ' ಎಂದು. ಹುಡುಕದೆ ಹೋದಾಗ ಹಳೆಯ ಎಚ್‌ಡಿಎ ಡ್ರೈವರ್ ಬಂದು ಕೂತಿತು. ಅದಕ್ಕೆ ಸ್ಪೀಕರ್ ಗೊತ್ತು, ಈ ಮೈಕ್ ಇದೆಯೆಂಬುದೇ ಗೊತ್ತಿಲ್ಲ. ನೆಗಡಿ ವಾಸಿ ಮಾಡಲು ಮೂಗನ್ನೇ ಕೊಯ್ದಿದ್ದೆ.

ನಿಜವಾದ ಮದ್ದು ಕಾಲು ಗಂಟೆಯ ಕೆಲಸ. ಆ ಸಾಲನ್ನು ಅಳಿಸಿ, ಡೆಬಿಯನ್ ಭಂಡಾರದ ಪಟ್ಟಿಗೆ ನಾನ್-ಫ್ರೀ, ಅಂದರೆ ಮುಕ್ತವಲ್ಲದ ತಂತ್ರಾಂಶಗಳ, ವಿಭಾಗವನ್ನು ಸೇರಿಸಿ, ಅಲ್ಲಿಂದ ಎಸ್‌ಒಎಫ್ ಫರ್ಮ್‌ವೇರಿನ ಪ್ಯಾಕೇಜ್ ಹಾಕಿ ಮರುಚಾಲೂ ಮಾಡಿದೆ. ಸ್ಪೀಕರೂ ಬಂತು, ಮೈಕೂ ಬಂತು. ಡೆಬಿಯನ್ 11ರ ಅಧಿಕೃತ ಅನುಸ್ಥಾಪಕದಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ಇರುತ್ತಿರಲಿಲ್ಲ. 2022ರಲ್ಲಿ ಡೆಬಿಯನ್ ಅಭಿವರ್ಧಕರು ಮತ ಹಾಕಿ ಆ ನಿಯಮ ಬದಲಿಸಿದರು, 2023ರ ಜೂನ್‌ನಲ್ಲಿ ಬಂದ 12ರಿಂದ ಅದು ಜೊತೆಯಲ್ಲೇ ಬರುತ್ತದೆ. ಆದರೆ ಹಳೆಯ ಮದ್ದಿನ ಸಾಲು ಅಂತರ್ಜಾಲದಲ್ಲಿ ಇನ್ನೂ ಓಡಾಡುತ್ತಿದೆ.

ಇದಾದ ಮೇಲೆ ಬಂದ ಸಣ್ಣಪುಟ್ಟ ದೂರುಗಳು ಹೆಚ್ಚು ಕಾಡಲಿಲ್ಲ. ಒಬ್ಬರ ಯಂತ್ರದಲ್ಲಿ ಶಬ್ದದ ಮಟ್ಟ ತೋರಿಸುವ ಅಲ್ಸಾಮಿಕ್ಸರ್ ತೆರೆದರೆ ಸ್ಪೀಕರಿನ ಕಂಬದ ಕೆಳಗೆ 'ಎಂಎಂ' ಎಂದಿತ್ತು. ಬಾಯಿ ಕಟ್ಟಿದೆ ಎಂಬ ಗುರುತು ಅದು. ಎಂ ಕೀಲಿ ಒತ್ತಿದರೆ ಮುಗಿಯಿತು. ಇನ್ನೊಬ್ಬರದು ಸಭಾಂಗಣದ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿದ ದಿನದಿಂದ ಶಬ್ದವನ್ನು ಅಲ್ಲಿಗೇ ಕಳಿಸುತ್ತಿತ್ತು.

ಬೆವರಿಳಿಸಿದ್ದು ಮತ್ತೊಂದು, ಅದೂ ಹಳೆಯ ಲ್ಯಾಪ್‌ಟಾಪ್. ಅದನ್ನು ಬಳಸುವವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ನಿವೃತ್ತ ಮೇಷ್ಟ್ರು. ಸಮಾಜ ವಿಜ್ಞಾನದ ಪಾಠವೊಂದನ್ನು ಬೆರಳಚ್ಚಿನವರಿಗೆ ಎರಡು ಸಲ ಹಿಂದಿರುಗಿಸಿದರು. 'ಅಸಮಾನತೆ ಎಂದಿರಬೇಕಾದಲ್ಲಿ ಸಮಾನತೆ ಎಂದಿದೆ, ಅನ್ಯಾಯ ಎಂಬಲ್ಲಿ ನ್ಯಾಯ ಎಂದಿದೆ.' ಬೆರಳಚ್ಚಿನವರು ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಮೂರನೆಯ ಸಲ ಜಗಳ ನನ್ನ ಮೇಜಿಗೆ ಬಂತು.

ಲ್ಯಾಪ್‌ಟಾಪನ್ನು ನನ್ನ ಮೇಜಿಗೆ ತಂದು ಚಾರ್ಜರ್ ಸಿಕ್ಕಿಸಿ ಕೇಳಿದೆ. ಅನ್ಯಾಯ, ಅಸಮಾನತೆ, ಎಲ್ಲ ಸ್ಪಷ್ಟ. ಹಿಂದಿರುಗಿಸಿದೆ. ಸಂಜೆ ಮತ್ತೆ ಅದೇ ದೂರು. ಮೇಷ್ಟ್ರು ಸಾವಧಾನದಿಂದ ಹೇಳಿದರು: "ಕರೆಂಟ್ ಹೋದಾಗಲೇ ಹೀಗಾಗುತ್ತದೆ. ಅದೂ ನಾನು ಸ್ವಲ್ಪ ಹೊತ್ತು ಯೋಚಿಸುತ್ತ ಕೂತು ಆಮೇಲೆ ಕೀಲಿ ಒತ್ತಿದರೆ ಮಾತ್ರ. ಬಿಡದೆ ಒತ್ತುತ್ತ ಹೋದರೆ ಸರಿಯಾಗಿಯೇ ಓದುತ್ತದೆ."

ಪರೀಕ್ಷೆಯ ಅರ್ಧ ಭಾಗವನ್ನು ಅವರೇ ಮಾಡಿ ಮುಗಿಸಿದ್ದರು. ಬ್ಯಾಟರಿ ಹೆಚ್ಚು ಹೊತ್ತು ಬರಲೆಂದು ಆ ಯಂತ್ರಕ್ಕೆ ಟಿಎಲ್‌ಪಿ ಎಂಬ ತಂತ್ರಾಂಶ ಹಾಕಿದವನು ನಾನು. ಅದರ ಆ ಆವೃತ್ತಿಯ ಪೂರ್ವನಿಗದಿಯಂತೆ ಚಾರ್ಜರ್ ಇರುವಾಗ ಸೌಂಡ್ ಚಿಪ್ ಎಚ್ಚರವಾಗಿರುತ್ತದೆ. ಬ್ಯಾಟರಿಯ ಮೇಲಾದರೆ ಕೆಲಸವಿಲ್ಲದ ಒಂದು ಸೆಕೆಂಡಿಗೇ ಮಲಗುತ್ತದೆ. ಪಲ್ಸ್‌ಆಡಿಯೊ ಕೂಡ ಐದು ಸೆಕೆಂಡು ಶಬ್ದವಿಲ್ಲದಿದ್ದರೆ ಸಾಧನವನ್ನು ಕೈಬಿಡುತ್ತದೆ. ಎರಡೂ ಸೇರಿ, ಮೇಷ್ಟ್ರು ಆರೇಳು ಸೆಕೆಂಡು ಸುಮ್ಮನಾದರೆ ಚಿಪ್ಪಿಗೆ ನಿದ್ದೆ. ಮುಂದಿನ ಸಾಲು ಬಂದಾಗ ಅದು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತಿತ್ತು. ಹಾಡು ಕೇಳುವವರಿಗೆ ಇದು ಗೊತ್ತೂ ಆಗುವುದಿಲ್ಲ. ನಿಷೇಧಾರ್ಥದ 'ಅ' ಪದದ ತಲೆಯಲ್ಲೇ ಕೂರುವ ನಮ್ಮ ಭಾಷೆಯಲ್ಲಿ ಅರ್ಥವೇ ತಲೆಕೆಳಗಾಗುತ್ತದೆ.

ಟಿಎಲ್‌ಪಿಯ ಕಡತದಲ್ಲಿ ಬ್ಯಾಟರಿಯ ಸಾಲಿನ ಒಂದನ್ನು ಸೊನ್ನೆ ಮಾಡಿದೆ. ಬ್ಯಾಟರಿ ಕೆಲವು ನಿಮಿಷ ಕಡಿಮೆ ಬರಬಹುದು, ಬರಲಿ. ಬೆರಳಚ್ಚಿನವರ ಬಳಿ ಹೋಗಿ ತಪ್ಪು ನನ್ನದೆಂದು ಹೇಳಿ ಬಂದೆ.

ಈಗ ನಾನು ದುರಸ್ತಿ ಮಾಡಿದ ಯಂತ್ರ ನೇರವಾಗಿ ಯಾರ ಮೇಜಿಗೂ ಹೋಗುವುದಿಲ್ಲ. ಮೊದಲು ಮೇಡಂ ಅದರ ಒಳಮೈಕ್‌ನಲ್ಲಿ ಎರಡು ವಾಕ್ಯ ಮಾತನಾಡಿ, ಮುದ್ರಿಸಿ, ಕೇಳಿಸಿಕೊಳ್ಳುತ್ತಾರೆ. ಆಮೇಲೆ ಮೇಷ್ಟ್ರ ಸರದಿ. ಕಳೆದ ವಾರ ಹೊಸ ಲ್ಯಾಪ್‌ಟಾಪ್ ಒಂದನ್ನು ಅವರ ಮುಂದಿಟ್ಟೆ. ಚಾರ್ಜರಿನ ತಂತಿಯನ್ನು ಕೈಯಲ್ಲಿ ತಡಕಿ ತಾವೇ ಕಿತ್ತರು. ಒಂದರಿಂದ ಹತ್ತರವರೆಗೆ ಮೆಲ್ಲಗೆ ಎಣಿಸಿದರು. ಕೆಳಬಾಣದ ಕೀಲಿ ಒತ್ತಿ ಕಿವಿಗೊಟ್ಟರು.

"ಅ ಬಂತು" ಎಂದರು.